ಬಿದ್ದು ಮುರಿದದ್ದಲ್ಲ

ಪರೇಲ, ಮುಂಬಯಿ
೧೨ ಆಗಸ್ಟ್ ೧೯೮೬

ಮಡಿವಾಳೆಪ್ಪಾ,

ಅಕ್ಕ ತಮ್ಮನಿಗೆ ಬರೆಯುವ ಪತ್ರ ಆಶೀರ್ವಾದದಿಂದ ಶುರುವಾಗಬೇಕು, ನನಗೂ ಗೊತ್ತು. ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು ನಾನು. ಆದರೆ ಇವತ್ತು ಮೊದಲು ಬೈಗುಳ ತಗೋ, ಆಶೀರ್ವಾದದ ಮಾತು ಕಡೆಗೆ ನೋಡೋಣ.

ಮೇ ತಿಂಗಳಲ್ಲಿ ದಾದರ ಸ್ಟೇಶನ್ನಿನಲ್ಲಿ ನಿನ್ನನ್ನೂ ನಿನ್ನ ಮಗಳನ್ನೂ ರೈಲು ಹತ್ತಿಸಿದೆ. ಅವತ್ತಿನಿಂದ ಒಂದು ಸಾಲು ಇಲ್ಲ. ಬಮ್ಮಿಗಟ್ಟಿಯಲ್ಲಿ ಅಂಚೆ ಪೆಟ್ಟಿಗೆ ಇಲ್ಲವೋ, ನಿನ್ನ ಕೈಗೆ ಲಕ್ವಾ ಹೊಡೆದಿದೆಯೋ?

ಅನ್ನವ್ವ ನನ್ನ ಖೋಲಿಯಲ್ಲಿ ಒಂದು ವರ್ಷ ಇದ್ದಳು. ಎಡಗಾಲಿನ ಎಲುಬಿನಲ್ಲಿ ಕ್ಯಾನ್ಸರ್ ಗಡ್ಡೆ ಎಂದು ಗೊತ್ತಾಗಿ ತೊಡೆಯ ಮಟ್ಟಕ್ಕೆ ಕಾಲು ತೆಗೆದ ದಿನದಿಂದ, ಮರದ ಕಾಲು ಕಟ್ಟಿಕೊಂಡು ಮೊದಲ ಹೆಜ್ಜೆ ಇಟ್ಟ ದಿನದವರೆಗೆ ಅವಳ ಬಾಜು ಇದ್ದವಳು ನಾನು. ನಸುಕಿನಲ್ಲಿ ನನ್ನ ಖಾನಾವಳಿಯ ರೊಟ್ಟಿ ಬಡಿದು ಆಸ್ಪತ್ರೆಗೆ ಓಡುತ್ತಿದ್ದೆ. ಒಂದು ಬಾಟಲಿಯಲ್ಲಿ ಕೆಂಪು ಔಷಧ, ಇನ್ನೊಂದರಲ್ಲಿ ಹಳದಿ. ಅದು ನರದಲ್ಲಿ ಇಳಿಯುವಾಗ ಹುಡುಗಿ ನನ್ನ ಕೈ ಕಚ್ಚುತ್ತಿದ್ದಳು. ಕೂದಲು ಪೂರಾ ಉದುರಿದಾಗ ಮನೆಯ ಕನ್ನಡಿ ಅಡಗಿಸಿಟ್ಟವಳೂ ನಾನೇ. ಹೀಗಾಗಿ ಕೇಳುವ ಹಕ್ಕು ನನಗಿದೆ.

ಬಿಡುಗಡೆಯ ದಿನ ಡಾಕ್ಟರು ಹೇಳಿದ್ದನ್ನು ಮತ್ತೊಮ್ಮೆ ಬರೆಯುತ್ತೇನೆ, ಏಕೆಂದರೆ ಆಗ ನೀನು ಎತ್ತಿನ ಹಾಗೆ ತಲೆ ಅಲ್ಲಾಡಿಸುತ್ತ ನಿಂತಿದ್ದೆ. ಗಡ್ಡೆ ಹೋಯಿತು, ಆದರೆ ಆ ಔಷಧಗಳು ಎಲುಬಿನ ಸತ್ವವನ್ನೂ ತಿಂದಿವೆ ಎಂದರು. ಹದಿಮೂರು ಹದಿನಾಲ್ಕು ಎಂದರೆ ಎಲುಬು ಗಟ್ಟಿಯಾಗುವ ಪ್ರಾಯ, ಅದನ್ನು ಇವಳು ಆಸ್ಪತ್ರೆಯ ಕಾಟಿನ ಮೇಲೆ ಕಳೆದಿದ್ದಾಳೆ. ಇನ್ನು ಮೈಭಾರವೆಲ್ಲ ಉಳಿದ ಬಲಗಾಲಿನ ಮೇಲೆ. ಹಾಲು, ಮೊಸರು ದಿನಾ ಹೊಟ್ಟೆಗೆ ಬೀಳಬೇಕು. ಬೆಳಗಿನ ಬಿಸಿಲಿನಲ್ಲಿ ಕೂಡಬೇಕು, ನಡೆಯಬೇಕು. ಆ ಕಾಲೂ ಮುರಿದರೆ ಇವಳನ್ನು ಮತ್ತೆ ನಿಲ್ಲಿಸುವುದು ಬಲು ಕಷ್ಟ ಎಂದರು.

ಹಾಲು ಕುಡಿಯುತ್ತಿದ್ದಾಳೆಯೇ? ಬಿಸಿಲಿಗೆ ಬರುತ್ತಾಳೆಯೇ? ನಡೆಯುತ್ತಾಳೆಯೇ? ಇಷ್ಟಕ್ಕೆ ಉತ್ತರ ಬರೆ. ಮಳೆ, ಬೆಳೆ, ಎತ್ತಿನ ಸುದ್ದಿ ನನಗೆ ಬೇಡ.

ನಿನ್ನ ಅಕ್ಕ
ಶಿವಗಂಗವ್ವ


ಬಮ್ಮಿಗಟ್ಟಿ
೫ ಸಪ್ಟೆಂಬರ್ ೧೯೮೬

ಅಕ್ಕಾ,

ನಿನ್ನ ಬೈಗುಳ ಮುಟ್ಟಿದವು. ಮಳೆಯ ಸುದ್ದಿ ಬೇಡ ಎಂದಿದ್ದೀ, ಆದರೆ ಮಳೆಯಿಂದಲೇ ಪತ್ರ ತಡವಾಯಿತು. ಭತ್ತದ ಕಳೆ ತೆಗೆಯಲು ಆಳು ಸಿಗದೆ ನಾನೇ ಕೆಸರಿನಲ್ಲಿದ್ದೆ.

ಅನ್ನವ್ವ ಆರಾಮ ಇದ್ದಾಳೆ. ಕೂದಲು ಬಂದಿವೆ, ಮೊದಲಿಗಿಂತ ಗುಂಗುರಾಗಿ ಬಂದಿವೆ. ಅವರವ್ವ ಬಸಕ್ಕ ಎಣ್ಣೆ ಹಚ್ಚಿ ಸಣ್ಣ ಜಡೆ ಹಾಕುತ್ತಾಳೆ. ಹಾಲಿನ ಮಾತು ಕೇಳಿದ್ದೀ. ಕೊಟ್ಟಿಗೆಯಲ್ಲಿ ಎರಡು ಎಮ್ಮೆ ಕರೆಯುತ್ತವೆ. ನಮ್ಮ ಮನೆಯಲ್ಲಿ ಹಾಲಿಗೆ ಎಂದು ಬರ ಬಂದಿದೆ?

ಬಿಸಿಲನ್ನು ಈ ಮಳೆಗಾಲದಲ್ಲಿ ಎಲ್ಲಿಂದ ತರಲಿ? ಹೊರಗೆ ಬಂದರೆ ಓಣಿಯ ಹುಡುಗರು ಮರದ ಕಾಲು ನೋಡಲು ಗುಂಪು ಕೂಡುತ್ತಾರೆ. ಹೆಂಗಸರು ಬಾಯಿಗೆ ಸೆರಗು ಹಿಡಿದು "ಅಯ್ಯ, ಇನ್ನ ಇದರ ಗತಿ ಹೆಂಗವಾ" ಎನ್ನುತ್ತಾರೆ. ಅದನ್ನು ಕೇಳಿಸಿಕೊಳ್ಳುವುದಕ್ಕಿಂತ ಒಳಗಿನ ಕೋಣೆಯಲ್ಲಿ ಬೆಚ್ಚಗಿರುವುದು ಒಳ್ಳೆಯದು. ಸಾಲೆಯ ಮಾತು ಮುಂದಿನ ವರ್ಷ ನೋಡೋಣ.

ಬಸಕ್ಕ ದಿನಾ ಬೆಳಿಗ್ಗೆ ಮಠಕ್ಕೆ ಹೋಗಿ ಹಳೆಯ ಸ್ವಾಮಿಗಳ ಗದ್ದುಗೆಗೆ ನಡೆದುಕೊಳ್ಳುತ್ತಾಳೆ. ಗದ್ದುಗೆಯ ಅಜ್ಜ ನಡೆಸಿಕೊಡುತ್ತಾನೆ. ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ.

ನಿನ್ನ ತಮ್ಮ
ಮಡಿವಾಳೆಪ್ಪ


ಪರೇಲ, ಮುಂಬಯಿ
೨೦ ನವೆಂಬರ್ ೧೯೮೬

ಮಡಿವಾಳೆಪ್ಪಾ,

ನಿನ್ನೆ ದಾವೂದಸಾಬ ಬಂದಿದ್ದ. ಕಲಘಟಗಿಯಿಂದ ಅಕ್ಕಿ ಲಾರಿ ತಂದಾಗೆಲ್ಲ ನನ್ನ ಖಾನಾವಳಿಯಲ್ಲೇ ಉಣ್ಣುವವನು, ನಿನಗೂ ಗೊತ್ತು. ದೀಪಾವಳಿಗೆ ಅನ್ನವ್ವನಿಗೆಂದು ಅವನ ಕೈಯಲ್ಲಿ ಎಳ್ಳುಂಡಿ ಕೊಟ್ಟು ಕಳಿಸಿದ್ದೆ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಯಕ್ಕಾ, ನನಗ ಅಗದಿ ಕೆನಿ ತೇಲೂವಂಥಾ ಚಾ ಕೊಟ್ರು. ಹುಡುಗಿ ಕತ್ತಲ ಖೋಲ್ಯಾಗ ಕುಂತು ಕರೀ ಚಾ ಕುಡಿಯಾಕ ಹತ್ತಿತ್ತು. ಯಾಕವಾ, ಹಾಲು ಒಲ್ಲೇನು ಅಂದೆ. ಅವರವ್ವನ ಮಾರಿ ನೋಡಿತು, ತೆಳಗ ಮಾರಿ ಹಾಕಿತು."

ಇದನ್ನು ಕೇಳಿ ನನ್ನ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಕರಕಾಯಿತು. ನಿನ್ನ ಹಳೆಯ ಪತ್ರ ತೆಗೆದು ಮತ್ತೆ ಓದಿದೆ. "ಎರಡು ಎಮ್ಮೆ ಕರೆಯುತ್ತವೆ, ಹಾಲಿಗೆ ಎಂದು ಬರ ಬಂದಿದೆ" ಎಂದು ಬರೆದಿದ್ದೀ. ಮಗಳು ಕುಡಿಯುತ್ತಾಳೆ ಎಂದು ಎಲ್ಲೂ ಬರೆದಿಲ್ಲ! ವಕೀಲರ ಹಾಗೆ ಬರೆಯಲು ಯಾವಾಗ ಕಲಿತೆಯೋ ಹಲ್ಕಟ್?

ಮೇನ್ ರೋಡಿಗೆ ಈಗ ದಿನಾ ಡೈರಿ ಗಾಡಿ ಬರುತ್ತದಂತೆ, ಅದನ್ನೂ ದಾವೂದಸಾಬನೇ ಹೇಳಿದ. ಈಗ ನನಗೆ ತಿಳಿಯಿತು. ಮಗಳ ಎಲುಬಿಗೆ ಹೋಗಬೇಕಾದ ಹಾಲನ್ನು ನೀನು ಡೈರಿಯ ಕ್ಯಾನಿಗೆ ಸುರಿಯುತ್ತಿದ್ದೀ. ಒಂದು ಕಾಲಿನ ಹುಡುಗಿಗೆ ಹಾಲು ಕುಡಿಸಿ ಏನು ಲಾಭ, ಇವಳೇನು ಗದ್ದೆಯಲ್ಲಿ ನಟ್ಟಿ ಹಚ್ಚುತ್ತಾಳೆಯೇ, ಇವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಲೆಕ್ಕ ಹಾಕಿದ್ದೀ. ಗಂಡುಮಗ ಆಗಿದ್ದರೆ ಎಮ್ಮೆಯ ಕೆಚ್ಚಲಿಗೇ ಬಾಯಿ ಹಚ್ಚಿಸುತ್ತಿದ್ದೆ.

ನಾನು ಆಸ್ಪತ್ರೆಯಲ್ಲಿ ಆ ಹುಡುಗಿಯ ವಾಂತಿ ಬಳಿದದ್ದು ಇದಕ್ಕಲ್ಲ. ಪತ್ರ ಕೈಗೆ ಮುಟ್ಟಿದ ದಿನವೇ ಅವಳ ಕೈಗೆ ಹಾಲಿನ ವಾಟಗ ಕೊಡು. ಕೊಟ್ಟೆ ಎಂದು ನೆಟ್ಟಗೆ ಬರೆ.

ಶಿವಗಂಗವ್ವ


ಬಮ್ಮಿಗಟ್ಟಿ
೮ ಡಿಸೆಂಬರ್ ೧೯೮೬

ಅಕ್ಕಾ,

ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನು ಡೈರಿಗೆ ಮಾರಿದವನು ಎಂದು ನನಗೆ ಬರೆದೆಯಲ್ಲ, ನಿನ್ನ ಪೆನ್ನಿಗೆ ನಾಚಿಕೆ ಬರಲಿಲ್ಲವೇ? ಗದ್ದುಗೆಯ ಆಣೆ ಮಾಡಿ ಹೇಳುತ್ತೇನೆ, ನನ್ನ ಮನೆಯ ಒಂದು ಹನಿ ಹಾಲು ಡೈರಿ ಕಂಡಿಲ್ಲ. ಲಾರಿ ಹೊಡೆಯುವವನು ಒಂದು ಬಟ್ಟಲು ಚಹ ಕುಡಿದು ಎದ್ದು ಹೋಗುವುದರಲ್ಲಿ ನನ್ನ ಮನೆಯ ಒಳಗುಟ್ಟು ತಿಳಿದನೋ? ಅವನ ಮಾತು ನಿನಗೆ ದೊಡ್ಡದು, ತಮ್ಮನ ಮಾತು ಸಣ್ಣದು.

ಅಷ್ಟು ಮಾತಾಡುವವಳು ಇದನ್ನೂ ಕೇಳು. ಎರಡು ಕಾಲಿನ ಮಗಳನ್ನು ನಿನ್ನ ಕೈಗೆ ಒಪ್ಪಿಸಿದ್ದೆ. ಮೊಣಕಾಲು ಬಾತಿದೆ, ದೊಡ್ಡ ಡಾಕ್ಟರಿಗೆ ತೋರಿಸು ಎಂದಷ್ಟೇ ಹೇಳಿದ್ದೆ. ನಾನು ಬರುವುದರೊಳಗೆ ನೀನು ಎಲ್ಲ ಗೊತ್ತುಮಾಡಿ ಇಟ್ಟಿದ್ದೆ. ಕಾಗದ ಮುಂದೆ ಹಿಡಿದು "ಸಹಿ ಮಾಡೋ, ವ್ಯಾಳ್ಯಾ ಇಲ್ಲ" ಎಂದೆ, ನಾನು ಮಾಡಿದೆ. ಇವತ್ತಿಗೂ ಹೆಂಡತಿ ನನ್ನ ಮುಂದೆ ತಾಟು ಇಡುವಾಗ ಮಾರಿ ನೋಡುವುದಿಲ್ಲ. ಅದನ್ನು ನೀನು ಪರೇಲಿನಲ್ಲಿ ಕೂತು ಕಂಡಿದ್ದೀಯಾ?

ನಿನಗೆ ಮಕ್ಕಳಿಲ್ಲ. ಒಂದು ವರ್ಷ ಸಾಕಿದ ಮಾತ್ರಕ್ಕೆ ಅನ್ನವ್ವ ನಿನ್ನ ಮಗಳಾಗುವುದಿಲ್ಲ. ಅವಳಿಗೆ ಏನು ಉಣಿಸಬೇಕು, ಏನು ಬಿಡಿಸಬೇಕು ಎಂಬುದನ್ನು ಹಡೆದವಳು ನೋಡಿಕೊಳ್ಳುತ್ತಾಳೆ. ಇನ್ನು ಪತ್ರ ಬರೆಯುವ ತ್ರಾಸ ತಗೋಬೇಡ.

ಮಡಿವಾಳೆಪ್ಪ


ಪರೇಲ, ಮುಂಬಯಿ
೧೮ ಮಾರ್ಚ್ ೧೯೮೭

ಮಡಿವಾಳೆಪ್ಪಾ,

ಬರೆಯಬೇಡ ಎಂದರೂ ಬರೆಯುತ್ತಿದ್ದೇನೆ. ಫೆಬ್ರುವರಿಯಲ್ಲಿ ಅನ್ನವ್ವನನ್ನು ತಪಾಸಣೆಗೆ ತರಬೇಕಿತ್ತು. ಗಡ್ಡೆ ತಿರುಗಿ ಬಂದಿದೆಯೋ ಎಂದು ನೋಡಲು ಎದೆಯ ಎಕ್ಸ್‌ರೇ ಫೋಟೋ, ಕಾಲಿನ ಫೋಟೋ ತೆಗೆಯಬೇಕಿತ್ತು. ಸಂಕ್ರಾಂತಿಗೊಂದು, ಶಿವರಾತ್ರಿಗೊಂದು ಕಾರ್ಡು ಹಾಕಿದೆ. ನೀವು ಬರಲಿಲ್ಲ, ಉತ್ತರವೂ ಇಲ್ಲ. ಆಸ್ಪತ್ರೆಯವರು ಅವಳ ಹೆಸರು ಕರೆದರು, ನಾನೊಬ್ಬಳೇ ಎದ್ದು ನಿಂತೆ.

ಮಕ್ಕಳಿಲ್ಲ ಎಂದು ಬರೆದದ್ದಕ್ಕೆ ನಾನು ಅತ್ತೆ. ಅತ್ತ ಮೇಲೆ ಸಿಟ್ಟು ಮೊದಲಿಗಿಂತ ಹೆಚ್ಚಾಯಿತು, ಕಡಿಮೆಯಾಗಲಿಲ್ಲ. ನನ್ನ ಮೇಲಿನ ಸೇಡನ್ನು ಹುಡುಗಿಯ ಕಾಲಿನ ಮೇಲೆ ತೀರಿಸಬೇಡ. ಅವಳು ಹೇಗಿದ್ದಾಳೆ ಎಂದು ಒಂದೇ ಒಂದು ಸಾಲು ಬರೆ.

ಶಿವಗಂಗವ್ವ


ಬಮ್ಮಿಗಟ್ಟಿ
೬ ಜೂನ್ ೧೯೮೭

ಅತ್ತೀ,

ನಾನು ಅನ್ನವ್ವ. ದಾವೂದಸಾಬ ಕಾಕಾ ಕಟ್ಟೆಯ ಮೇಲೆ ಕೂತಿದ್ದಾರೆ. ಅಪ್ಪ ಹೊಲದಲ್ಲಿದ್ದಾನೆ, ಅವ್ವ ಮಠಕ್ಕೆ ಹೋಗಿದ್ದಾಳೆ. ಅವರು ಬರುವುದರೊಳಗೆ ಬರೆದು ಕಾಕಾನ ಕೈಯಲ್ಲಿ ಕೊಡಬೇಕು. ನಿನ್ನ ಪತ್ರಗಳನ್ನು ಅಪ್ಪ ಓದಿ ಜಂತಿಗೆ ಸಿಕ್ಕಿಸುತ್ತಾನೆ. ನನಗೆ ಎಟುಕುವುದಿಲ್ಲ.

ನನ್ನ ಬಲಗಾಲು ಮುರಿದಿದೆ. ಎಳ್ಳಮಾವಾಸ್ಯೆಯ ಮರುದಿನ ಮುರಿಯಿತು. ಅಪ್ಪ ಬರೆದಿಲ್ಲ ಎಂದು ನನಗೆ ಗೊತ್ತು.

ಹೇಗೆಂದು ಹೇಳುತ್ತೇನೆ. ನಿನ್ನ ಹತ್ತಿರ ನಾನು ಆಸ್ಪತ್ರೆಯಲ್ಲಿದ್ದಾಗ ಅವ್ವ ಇಲ್ಲಿ ಹರಕೆ ಹೊತ್ತಳು. ಮಗಳು ಜೀವಂತ ಬಂದರೆ ಐದು ವರ್ಷ ಬೆಳಗಿನ ಮೊದಲ ತಂಬಿಗೆ ಹಾಲು ಗದ್ದುಗೆಗೆ, ಮತ್ತು ಮಗಳು ಐದು ವರ್ಷ ಹೈನ ಮುಟ್ಟುವುದಿಲ್ಲ ಎಂದು. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಒಂದೂ ಇಲ್ಲ. ಊರಿಗೆ ಬಂದ ದಿನದಿಂದ ನನಗೆ ರೊಟ್ಟಿ, ಪಲ್ಯ, ಕರೀ ಚಹ. ಡಾಕ್ಟರು ಹಾಲು ಕುಡಿಸಲು ಹೇಳಿದ್ದಾರೆ ಎಂದು ಅಪ್ಪ ಮೊದಲ ದಿನ ಹೇಳಿದ. "ನನ್ನ ಕೇಳದೇ ಕಾಲು ಕಡಿಸಿದಾಂವ, ಇನ್ನ ಹರಕಿನೂ ಮುರಸ್ತಿಯೇನು?" ಎಂದು ಅವ್ವ ಕೇಳಿದಳು. ಆ ಮೇಲೆ ಅಪ್ಪ ಬಾಯಿ ತೆಗೆಯಲಿಲ್ಲ. ಅಪ್ಪನ ಮೇಲೆ ನನಗೆ ಬಹಳ ಸಿಟ್ಟಿದೆ, ಅವ್ವನಿಗಿಂತ ಹೆಚ್ಚು.

ಎಳ್ಳಮಾವಾಸ್ಯೆಯ ದಿನ ಎಲ್ಲರೂ ಹೊಲದಲ್ಲಿ ಕೂತು ಮೊಸರನ್ನ ಉಂಡರು. ನನ್ನ ಎಲೆಗೆ ಮಾತ್ರ ಹುಳಿಯನ್ನ. ಮನೆಗೆ ಬಂದ ಮೇಲೆ ತಡೆಯಲಾಗಲಿಲ್ಲ. ಅವ್ವ ಎಮ್ಮೆಗೆ ಮೇವು ಹಾಕಲು ಹೋದಾಗ ಹಾಲಿನ ಗಡಿಗೆಯಿಂದ ಬೆರಳಿನಲ್ಲಿ ಕೆನೆ ತೆಗೆದು ತಿಂದೆ. ಬಹಳ ಇಲ್ಲ, ಎರಡು ಬೆರಳು.

ಮರುದಿನ ಬಚ್ಚಲಿಗೆ ಹೋಗುವಾಗ ಹೊಸ್ತಿಲು ದಾಟಿ ಬಲಗಾಲು ಊರಿದೆ. ಟಕ್ ಎಂದಿತು. ಎಲ್ಲರೂ ನಾನು ಬಿದ್ದು ಕಾಲು ಮುರಿದುಕೊಂಡೆ ಎನ್ನುತ್ತಾರೆ. ಅದು ಸುಳ್ಳು ಅತ್ತಿ. ನಾನು ಬಿದ್ದು ಮುರಿಯಲಿಲ್ಲ, ಮುರಿದು ಬಿದ್ದೆ. ನೋವಿನಲ್ಲಿ ನಾನೇ "ಅವ್ವಾ, ನಿನ್ನೆ ಕೆನಿ ತಿಂದಿದ್ದೆ, ತಪ್ಪಾತು" ಎಂದು ಚೀರಿದೆ. ಅದನ್ನು ಓಣಿಯೆಲ್ಲ ಕೇಳಿತು. ಈಗ ಎಲ್ಲರ ಬಾಯಲ್ಲೂ ಅದೇ, ಹರಕೆಯ ಹಾಲಿಗೆ ಬೆರಳು ಹಾಕಿದಳು, ಗದ್ದುಗೆಯ ಅಜ್ಜ ಕಾಲು ಮುರಿದ.

ಹುಬ್ಬಳ್ಳಿಯಲ್ಲಿ ಪ್ಲಾಸ್ಟರ್ ಹಾಕಿದರು. ಇಷ್ಟಕ್ಕೇ ಮುರಿಯುವ ಎಲುಬಲ್ಲ ಇದು, ಏನು ಉಣ್ಣುತ್ತಾಳೆ ಎಂದು ಡಾಕ್ಟರು ಕೇಳಿದರು. "ಎಲ್ಲಾ ಉಣತಾಳ್ರಿ" ಎಂದ ಅಪ್ಪ. ಇನ್ನೂ ಕೂಡಿಲ್ಲ, ಎರಡನೆಯ ಸಲ ಪ್ಲಾಸ್ಟರ್ ಹಾಕಿದ್ದಾರೆ. ಮರದ ಕಾಲು ಮೂಲೆಯಲ್ಲಿದೆ. ನಾನು ಕುಂಡಿ ಎಳೆಯುತ್ತ ಮನೆಯಲ್ಲಿ ತಿರುಗುತ್ತೇನೆ.

ನಿಜ ಹೇಳು ಅತ್ತಿ. ಕೆನೆ ತಿಂದದ್ದಕ್ಕೇ ಮುರಿಯಿತೇ? ಒಮ್ಮೊಮ್ಮೆ ನನಗೂ ಹೌದು ಎನಿಸುತ್ತದೆ. ಹಾಗೆ ಅನಿಸಿದಾಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಅನ್ನವ್ವ


ಪರೇಲ, ಮುಂಬಯಿ
೧೩ ಜೂನ್ ೧೯೮೭

ಬಸಕ್ಕಾ,

ಈ ಪತ್ರ ನಿನಗೆ, ದಾವೂದಸಾಬನ ಕೈಯಲ್ಲೇ ಕಳಿಸಿದ್ದೇನೆ. ನಿನ್ನ ಗಂಡನಿಗೆ ಬರೆದು ಬರೆದು ಸಾಕಾಯಿತು. ಅವನು ಎರಡು ಕಡೆಯೂ ತಲೆ ಅಲ್ಲಾಡಿಸುವವನು. ಅನ್ನವ್ವಾ, ಇದನ್ನು ನಿನ್ನ ಅವ್ವನ ಮುಂದೆ ಕೂತು ಗಟ್ಟಿಯಾಗಿ ಓದು.

ಮೊದಲು ಹುಡುಗಿಗೆ ಉತ್ತರ. ಇಲ್ಲ ಮಗಳೇ, ಕೆನೆ ತಿಂದದ್ದಕ್ಕೆ ಮುರಿಯಲಿಲ್ಲ. ಏಳು ತಿಂಗಳು ತಿನ್ನದೇ ಇದ್ದದ್ದಕ್ಕೆ, ಕತ್ತಲಲ್ಲಿ ಕೂತದ್ದಕ್ಕೆ ಮುರಿಯಿತು. ನೀನು ಯಾವ ತಪ್ಪೂ ಮಾಡಿಲ್ಲ.

ಬಸಕ್ಕಾ, ನಾನು ತಮ್ಮನನ್ನು ಡೈರಿಗೆ ಹಾಲು ಹಾಕುವ ದುಷ್ಟ ಎಂದುಕೊಂಡೆ. ಅದು ನನ್ನ ತಪ್ಪು ತಿಳಿವಳಿಕೆ. ಹಾಲು ಎಲ್ಲಿಗೆ ಹೋಗುತ್ತಿದೆ ಎಂದು ಈಗ ಗೊತ್ತಾಗಿ ನನ್ನ ಸಿಟ್ಟು ಇಮ್ಮಡಿಯಾಗಿದೆ. ಕಲ್ಲಿನ ಗದ್ದುಗೆಗೆ ಎಲುಬಿಲ್ಲ, ಬಸಕ್ಕಾ! ಅದಕ್ಕೆ ಹಾಲು ಯಾತಕ್ಕೆ? ನಿನಗೆ ಹರಕೆ ಹೊರುವ ಹುಕಿ ಇದ್ದರೆ ನಿನ್ನ ಊಟ ಬಿಡಬೇಕಿತ್ತು, ನಿನ್ನ ನಿದ್ದೆ ಬಿಡಬೇಕಿತ್ತು. ಮಗಳ ಬಾಯಿಯ ತುತ್ತನ್ನು ನೀನು ಹೇಗೆ ಬಿಟ್ಟೆ? ಕ್ಯಾನ್ಸರಿನಿಂದ ಎಳೆದು ತಂದ ಹುಡುಗಿಯನ್ನು ಮನೆಯ ಹೊಸ್ತಿಲಲ್ಲಿ ಮುರಿದೆಯಲ್ಲ.

ಇವತ್ತೇ ಅವಳಿಗೆ ಹಾಲು ಕೊಡು. ಇಲ್ಲದಿದ್ದರೆ ದಾವೂದಸಾಬನ ಲಾರಿ ಹತ್ತಿ ಬಂದು ಹುಡುಗಿಯನ್ನು ಎತ್ತಿಕೊಂಡು ಬರುತ್ತೇನೆ. ಯಾರು ಅಡ್ಡ ನಿಲ್ಲುತ್ತೀರೋ ನೋಡೋಣ.

ಶಿವಗಂಗವ್ವ


ಬಮ್ಮಿಗಟ್ಟಿ
೨ ಜುಲೈ ೧೯೮೭

ಅತ್ತೀ,

ನಿನ್ನ ಪತ್ರ ಪೂರಾ ಓದಿ ಹೇಳಿದೆ. ಅವ್ವ ಹೇಳಿ ಬರೆಸುತ್ತಿದ್ದಾಳೆ. "ನಾ ಆಡಿದ್ದನ್ನ ಆಡಿದ್ಹಂಗ ಬರಿ, ತಿದ್ದಬ್ಯಾಡ" ಎಂದಿದ್ದಾಳೆ. ಹಾಗೇ ಬರೆಯುತ್ತಿದ್ದೇನೆ.

ಅಕ್ಕಾರ, ಶರಣ್ರಿ. ನಿಮ್ಮ ಸಿಟ್ಟು ಕೇಳಿದೆ. ಈಗ ನಂದೂ ಕೇಳ್ರಿ.

ನನ್ನ ಮಗಳ ಕಾಲು ತಗದಾರಂತ ನನಗ ಹೇಳಿದಾಂವ ಪೋಸ್ಟಮನ್. ಕಾರ್ಡು ಓದಿ ಹೇಳಿ ಸೈಕಲ್ ಹತ್ತಿ ಹ್ವಾದ. ನಾ ಸಗಣಿ ಕೈಲೆ ಅಂಗಳದಾಗ ನಿಂತಿದ್ದೆ. ನೀವು ಕೇಳಲಿಲ್ಲ, ಇವರು ಕೇಳಲಿಲ್ಲ. ಹಡದಾಕಿನ್ನ ಕರಕೊಂಡು ಹೋಗೂಣು ಅಂತ ಯಾರೂ ಅನ್ನಲಿಲ್ಲ. ಎಮ್ಮಿ ಯಾರು ಕರೀತಾರ, ಹೊಲ ಯಾರು ನೋಡ್ತಾರ ಅಂದ್ರು. ಅಲ್ಲಿ ನಿಮ್ಮ ಕೈಯಾಗ ಡಾಕ್ಟರ ಇದ್ರು, ಸೂಜಿ ಇತ್ತು, ಕೆಂಪ ಔಷಧ ಇತ್ತು. ನನ್ನ ಕೈಯಾಗ ಏನಿತ್ತರೀ? ತಂಬಿಗಿ ಇತ್ತು.

ತಣ್ಣೀರ ಮೈಮ್ಯಾಲೆ ಸುರಕೊಂಡು ತೊಯ್ದ ಸೀರೀಲೆ ಗದ್ದಿಗಿ ಮುಂದ ಬಿದ್ದೆ. ಹರಕಿ ಅಂದ್ರ ಪ್ರೀತೀದು ಬಿಡಬೇಕ್ರಿ. ಹುಡುಗಿಗೆ ಎಲ್ಲಾಕ್ಕಿಂತ ಪ್ರೀತಿ ಕೆನಿ. ಸಣ್ಣಾಕಿದ್ದಾಗ ನನ್ನ ಹಾಲು ಬಿಟ್ಟು ಗಡಿಗಿ ನೆಕ್ಕತಿದ್ಲು. ಅದನ್ನ ಕೊಟ್ಟೆ. ನನ್ನ ಊಟ ಬಿಡ್ಬೇಕಿತ್ತಂತೀರಿ. ನನ್ನ ಊಟ ಯಾವ ದೇವ್ರಿಗೆ ಬೇಕಾಗೇತ್ರಿ?

ಹುಡುಗಿ ಬದುಕಿ ಬಂದ್ಲು. ನಿಮ್ಮ ಔಷಧಕ್ಕ ಬದುಕಿದ್ಲೋ, ನನ್ನ ಹರಕಿಗೆ ಬದುಕಿದ್ಲೋ? ನಿಮಗ ಗೊತ್ತೈತೇನ್ರಿ? ನನಗ ಗೊತ್ತಿಲ್ರಿ. ಗೊತ್ತಿಲ್ಲಂತನ ಬಿಡಾಕ ಅಂಜಿಕಿ ನನಗ. ಎಲಬು ಮುರದ್ರ ಇವತ್ತಿಲ್ಲ ನಾಳೆ ಕೂಡತೈತಿ. ಹರಕಿ ಮುರದು ಆ ಗಂಟು ತಿರುಗಿ ಬಂದ್ರ? ಆವಾಗ ಯಾವ ಕಾಲು ತಗಸ್ತೀರಿ? ಮುರದ ಕಾಲಿನ ಮಗಳು ಮನ್ಯಾಗ ತೆವಳತಾಳ, ಹೌದು, ನಾ ದಿನಾ ನೋಡತೀನಿ, ನನ್ನ ಹೊಟ್ಯಾಗ ಬೆಂಕಿ ಬೀಳತೈತಿ. ಆದ್ರ ತೆವಳಾಕರ ಜೀವಂತ ಅದಾಳ.

ನಿಮ್ಮ ಡಾಕ್ಟರ್ ಹಾಳ್ಯಾಗ ಬರದ ಕೊಡ್ಲಿ, ಅದು ಇನ್ನ ಬರೂದುಲ್ಲ ಅಂತ. ಬರದ ಕೊಟ್ಟ ದಿವಸ ನಾನ ಕೈಯಾರೆ ಕೆನಿ ತಿನಸ್ತೀನಿ. ಕೊಡಾಕ ಆಗದಿದ್ರ ನನ್ನ ಮಗಳನ್ನ ನನಗ ಬಿಡ್ರಿ.

ಇಷ್ಟು ಅವ್ವನ ಮಾತು. ಬರೆಸಿ ಮುಗಿಸಿ ಎಮ್ಮೆ ಕರೆಯಲು ಎದ್ದು ಹೋದಳು. ಇದನ್ನೆಲ್ಲ ಅವಳು ನನಗೆ ಎಂದೂ ಹೇಳಿರಲಿಲ್ಲ.

ಅನ್ನವ್ವ


ಪರೇಲ, ಮುಂಬಯಿ
೧೯ ಜುಲೈ ೧೯೮೭

ಬಸಕ್ಕಾ,

ನಿನ್ನ ಪತ್ರ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದೆ. ಅದು ಇನ್ನು ಬರುವುದಿಲ್ಲ ಎಂದು ಬರೆದು ಕೊಡಿ ಎಂದೆ. ಆಗುವುದಿಲ್ಲ ಎಂದರು. ಇನ್ನೂ ಕೆಲವು ವರ್ಷ ಕಾದು ನೋಡಬೇಕು, ಯಾವ ಡಾಕ್ಟರೂ ಹಾಗೆ ಬರೆದು ಕೊಡಲಾರ ಎಂದರು. ನಾನು ಅಲ್ಲೇ ಜಗಳಕ್ಕೆ ನಿಂತೆ. ಇಷ್ಟು ದೊಡ್ಡ ಆಸ್ಪತ್ರೆ ಕಟ್ಟಿ ಇಷ್ಟೂ ಹೇಳಲು ಆಗುವುದಿಲ್ಲವೇ ಎಂದೆ. ಬಾಗಿಲಿನ ಸಿಪಾಯಿ ಒಳಗೆ ಬಂದ.

ಡಾಕ್ಟರು ಅವನನ್ನು ಕಳಿಸಿ ನನ್ನನ್ನು ಕೂಡಿಸಿಕೊಂಡು ಹೇಳಿದರು. ಹಾಲಿಗೂ ಆ ಗಡ್ಡೆಗೂ ಸಂಬಂಧವಿಲ್ಲ. ಬರುವುದಿದ್ದರೆ ಕುಡಿದರೂ ಬಂದೀತು, ಬಿಟ್ಟರೂ ಬಂದೀತು. ಆದರೆ ಹೀಗೇ ಬಿಟ್ಟರೆ ಕಾಲು ಕೂಡುವುದಿಲ್ಲ, ಕೂಡಿದರೂ ನಿಲ್ಲುವುದಿಲ್ಲ, ಇದನ್ನು ಮಾತ್ರ ಬರೆದು ಕೊಡುತ್ತೇನೆ ಎಂದರು. ಆ ಚೀಟಿ ಇದರ ಜೊತೆ ಇದೆ. ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸಿರಿ.

ನಾನೇ ಒಂದು ಸುಳ್ಳು ಚೀಟಿ ಬರೆದು ನಿನಗೆ ಕಳಿಸಬಹುದಿತ್ತು. ಕಳಿಸಿದ್ದರೆ ಹುಡುಗಿಯ ಬಾಯಿಗೆ ಇವತ್ತೇ ಹಾಲು ಬೀಳುತ್ತಿತ್ತು. ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ನಿನ್ನನ್ನು ಕೇಳದೆ ಒಮ್ಮೆ ನಿರ್ಧಾರ ಮಾಡಿದೆವು, ಇನ್ನೊಮ್ಮೆ ಮಾಡಲಾರೆ. ನಿನ್ನ ಮೇಲೆ ಸಿಟ್ಟು ಇನ್ನೂ ಹೋಗಿಲ್ಲ. ನಿನ್ನನ್ನು ಕರೆಸದೆ ಇದ್ದದ್ದಕ್ಕೆ ನನ್ನ ಮೇಲೂ ಹೋಗಿಲ್ಲ.

ಶಿವಗಂಗವ್ವ


ಬಮ್ಮಿಗಟ್ಟಿ
೬ ಡಿಸೆಂಬರ್ ೧೯೮೭

ಅತ್ತೀ,

ಇಷ್ಟು ದಿನ ಬರೆಯಲಿಲ್ಲ ಎಂದು ಬೈಯಬೇಡ. ನಿಂತ ಮೇಲೇ ಬರೆಯಬೇಕು ಎಂದು ಹಟ ಹಿಡಿದಿದ್ದೆ.

ನಿನ್ನ ಜುಲೈ ತಿಂಗಳ ಪತ್ರ ಓದಿ ಹೇಳಿದಾಗ ಅವ್ವ "ನೋಡು, ಅವರಿಗೂ ಗೊತ್ತಿಲ್ಲ" ಎಂದಳು. ಹಾಲಿನ ತಂಬಿಗೆ ತಗೊಂಡು ಮಠಕ್ಕೆ ಎದ್ದಳು. ನನಗೆ ಎಲ್ಲಿಂದ ಅಷ್ಟು ಸಿಟ್ಟು ಬಂತೋ. ಪ್ಲಾಸ್ಟರ್ ಎಳೆದುಕೊಂಡು ಹೋಗಿ ತಲಬಾಗಿಲಿಗೆ ಅಡ್ಡ ಕೂತೆ.

"ಸರಿ ಬೇ, ವ್ಯಾಳ್ಯಾ ಆತು" ಎಂದಳು.

"ಸರಿಯೂದಿಲ್ಲ. ಆ ತಂಬಿಗಿ ನನಗ ಕೊಡು."

"ಹುಚ್ಚಗಿಚ್ಚ ಹಿಡದೈತೇನು? ತಿರುಗಿ ಬಂದ್ರ?"

"ಬಂದ್ರ ನನಗ ಬರ್ತೈತಿ. ನಿನಗಲ್ಲ, ಅತ್ತಿಗಲ್ಲ, ಅಪ್ಪಗಲ್ಲ. ಕಾಲು ತಗಿಯೂ ಮುಂದ ಅವರು ನನ್ನ ಕೇಳಲಿಲ್ಲ. ಹರಕಿ ಹೊರೂ ಮುಂದ ನೀ ನನ್ನ ಕೇಳಲಿಲ್ಲ. ಎಲ್ಲಾರೂ ನನ್ನ ಮೈಯಾಗಿಂದ ಒಂದೊಂದು ತಗೊಂಡ್ರಿ. ಇನ್ನ ನಾ ಕೊಡಾಕಿ ಅಲ್ಲ."

ಅವ್ವ ನನ್ನ ಕೆನ್ನೆಗೆ ಹೊಡೆದಳು. ನಾನು ಸರಿಯಲಿಲ್ಲ. ಅಪ್ಪ ಪಡಸಾಲೆಯ ಕಂಬ ಹಿಡಿದು ನಿಂತಿದ್ದ. "ಯಪ್ಪಾ, ನೀನರ ಬಾಯಿ ಬಿಡೋ" ಎಂದು ಚೀರಿದೆ. ಅವನು ಕಂಬ ಬಿಟ್ಟು ಬಂದು "ಕೊಡ ಬೇ ಅಕಿಗೆ. ಇನ್ನ ಸಾಕು" ಎಂದ. ಅಷ್ಟು ಹೇಳಿ ಅಳಲು ಶುರು ಮಾಡಿದ. ಅವ್ವ ತಂಬಿಗೆಯನ್ನು ನನ್ನ ಮುಂದೆ ಇಟ್ಟು, ನನ್ನನ್ನು ದಾಟಿಕೊಂಡು ಖಾಲಿ ಕೈಯಲ್ಲಿ ಮಠಕ್ಕೆ ಹೋದಳು.

ಹಸಿ ಹಾಲೇ ಕುಡಿದೆ. ಅರ್ಧ ಕುತ್ತಿಗೆಯ ಮೇಲೆ ಇಳಿಯಿತು. ರುಚಿ ಗೊತ್ತಾಗಲಿಲ್ಲ, ಅಷ್ಟು ಸಿಟ್ಟಿನಲ್ಲಿದ್ದೆ. ಅವ್ವ ಹೊತ್ತು ಇಳಿದ ಮೇಲೆ ಬಂದಳು. ಹಣೆಯೆಲ್ಲ ಧೂಳಾಗಿತ್ತು. ಬಾಗಿಲಲ್ಲೇ ನಿಂತು "ಎಲ್ಲಾ ಕುಡದೇನು?" ಎಂದು ಕೇಳಿದಳು. ಹೂಂ ಎಂದೆ. "ಹಸೀದು ಕುಡೀಬಾರದಿತ್ತು. ಹೊಟ್ಟಿ ನೂಸತೈತೇನು?" ಎಂದಳು.

ಅವತ್ತಿನಿಂದ ಎರಡು ಹೊತ್ತು ಕಾಸಿದ ಹಾಲು, ಊಟಕ್ಕೆ ಗಟ್ಟಿ ಮೊಸರು. ಅಪ್ಪ ದಿನಾ ಬೆಳಿಗ್ಗೆ ಎತ್ತಿಕೊಂಡು ಹೋಗಿ ಅಂಗಳದ ಬಿಸಿಲಿನಲ್ಲಿ ಕೂಡಿಸುತ್ತಾನೆ. ನೋಡಲು ಬಂದ ಹುಡುಗರಿಗೆ ನಾನೇ ಮರದ ಕಾಲು ತರಿಸಿ ಕೈಗೆ ಕೊಟ್ಟೆ. ಎರಡು ದಿನ ನೋಡಿದರು, ಮೂರನೆಯ ದಿನ ಗೋಲಿ ಆಡಲು ಹೋದರು. ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಪ್ಲಾಸ್ಟರ್ ಬಿಚ್ಚಿ ಫೋಟೋ ತೆಗೆದರು. ಹೊಸ ಎಲುಬು ಬಂದಿದೆ, ಊರಬಹುದು ಎಂದರು. ನಿನ್ನೆ ಮರದ ಕಾಲು ಕಟ್ಟಿಕೊಂಡು ಬಡಿಗೆ ಹಿಡಿದು ನಿಂತೆ. ಬಲಗಾಲು ನಡುಗಿತು, ಆದರೆ ಹಿಡಿಯಿತು. ಹೊಸ್ತಿಲು ದಾಟಿ ಬಾಗಿಲಿನಿಂದ ಕೊಟ್ಟಿಗೆಯವರೆಗೆ ನಡೆದೆ. ಎದೆಯ ಫೋಟೋ ತೆಗೆಸಲು ಫೆಬ್ರುವರಿಯಲ್ಲಿ ಅಲ್ಲಿಗೆ ಬರುತ್ತೇನೆ. ಅವ್ವನೂ ಬರುತ್ತಾಳೆ. ಎಮ್ಮೆಯನ್ನು ಅಪ್ಪ ಕರೆಯಲಿ.

ಇನ್ನೊಂದು ಮಾತಿದೆ. ಅದಕ್ಕೇ ಮುಖ್ಯ ಈ ಪತ್ರ. ಅವತ್ತು ಮಠದಿಂದ ಬಂದಾಗಿನಿಂದ ಅವ್ವ ಹೈನ ಮುಟ್ಟುತ್ತಿಲ್ಲ. ನನಗೆ ಮೊದಲು ತಿಳಿಯಲಿಲ್ಲ, ಹಬ್ಬದಲ್ಲಿ ಹೋಳಿಗೆಗೆ ತುಪ್ಪ ಹಾಕಿಕೊಳ್ಳದಿದ್ದಾಗ ಕಂಡುಹಿಡಿದೆ. ಕೇಳಿದರೆ "ಮಾತ ಆಡಿದಾಕಿ ನಾ. ತೀರಸಾಕಿನೂ ನಾನ" ಎನ್ನುತ್ತಾಳೆ. ಹರಕೆಯನ್ನು ತನ್ನ ಮೇಲೆ ಎಳೆದುಕೊಂಡು ಬಂದಿದ್ದಾಳೆ. ಒಣ ರೊಟ್ಟಿಯನ್ನು ಖಾರದ ಪುಡಿ ಹಚ್ಚಿಕೊಂಡು ತಿನ್ನುತ್ತಾಳೆ, ಎದ್ದೇಳುವಾಗ ಸೊಂಟ ಹಿಡಿದುಕೊಳ್ಳುತ್ತಾಳೆ. ಅವಳ ಮುಂದೆ ಕೂತು ನಾನು ಮೊಸರು ಉಣ್ಣಬೇಕು. ದಿನಾ ಜಗಳವಾಡುತ್ತೇನೆ, ನನ್ನ ಮಾತಿಗೆ ಅವಳು ಜಗ್ಗುವುದಿಲ್ಲ.

ನೀನು ಅವಳಿಗೆ ಒಂದು ಪತ್ರ ಬರೆ. ನಮ್ಮಪ್ಪನಿಗೆ ಬರೆಯುತ್ತಿದ್ದೆಯಲ್ಲ, ಅಂಥದ್ದು. ಚೆನ್ನಾಗಿ ಬೈದು ಬರೆ, ನಾನು ಒಂದು ಶಬ್ದ ಬಿಡದೆ ಗಟ್ಟಿಯಾಗಿ ಓದಿ ಹೇಳುತ್ತೇನೆ.

ಅನ್ನವ್ವ